ತಲೆ ಬಾಲ ಕತ್ತರಿಸಿದ ಮದುವೆಗಳು

ಯಾರಾದರೂ ಏನಾದರೂ ಕೇಳಿದರೆ ನಾನು ತಟ್ಟನೆ ಉತ್ತರ ಕೊಡುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಎದುರಿನವರ ಮುಖ ನೋಡುತ್ತೇನೆ, ಆಮೇಲೆ ಬಾಯಿ ತೆರೆಯುತ್ತೇನೆ. ಫೋನ್ ಎತ್ತಿದರೂ ಅಷ್ಟೆ. ಆ ಕಡೆಯವರು "ಹಲೋ, ಹಲೋ" ಎಂದು ಗಂಟಲು ಹರಿದುಕೊಂಡು, ಲೈನು ಕೆಟ್ಟಿದೆ ಎಂದು ಇಡುವ ಹೊತ್ತಿಗೆ ನನ್ನ "ಹಲೋ" ಹೊರಡುತ್ತದೆ. ಇದನ್ನು ಕಂಡು ನಮ್ಮ ಅತ್ತೆಯವರು, "ನಮ್ಮ ಸೊಸೆ ಎದುರು ಮಾತಾಡುವವಳಲ್ಲ, ತೂಗಿ ನೋಡಿ ಮಾತಾಡುವ ಹೆಣ್ಣು" ಎಂದು ನೆಂಟರಿಷ್ಟರಲ್ಲಿ ಹೊಗಳಿದ್ದುಂಟು. ನಾನು ಅದನ್ನು ಅಲ್ಲಗಳೆಯಲು ಹೋಗಿಲ್ಲ. ಸಿಕ್ಕಿದ ಒಳ್ಳೆಯ ಹೆಸರನ್ನು ಯಾರು ತಾನೇ ಬೇಡ ಅನ್ನುತ್ತಾರೆ ಹೇಳಿ. ನಮ್ಮ ಯಜಮಾನರಿಗೆ ಮಾತ್ರ ನಿಜ ಗೊತ್ತು. "ತಾಳಿ, ಇವಳ ಟೇಪು ಇನ್ನೂ ವೇಗ ಹಿಡಿದಿಲ್ಲ" ಎಂದು ಬಂದವರ ಮುಂದೆಯೇ ನಗುತ್ತಾರೆ.

ಅವರು ಹೇಳುವುದರಲ್ಲಿ ಸುಳ್ಳೇನಿಲ್ಲ. ಹಿಂದೆ ವಿಡಿಯೊ ಕ್ಯಾಸೆಟ್ಟು ಅಂತ ಇತ್ತಲ್ಲ, ಅದರಲ್ಲಿ ಗುಂಡಿ ಒತ್ತಿದ ಕೂಡಲೇ ಚಿತ್ರ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಟೇಪು ಸುತ್ತಿಕೊಂಡು ವೇಗ ಹಿಡಿಯುವವರೆಗೆ ಗಂಡು ಹೆಣ್ಣು ಪುರೋಹಿತರು ಎಲ್ಲರೂ ಬಾವಿ ನೀರಿನಲ್ಲಿ ಕಂಡ ಹಾಗೆ ಅಲ್ಲಾಡುತ್ತಿದ್ದರು. ಅವರೆಲ್ಲ ಒಂದು ಸ್ಥಿತಿಗೆ ಬಂದ ಮೇಲೆ ನಮ್ಮ ಕೆಲಸ ಶುರು. ಹಾಗೆ ಕಾದು ಕಾದು, ಕಾಯುವುದು ಮೈಗೆ ಹತ್ತಿಬಿಟ್ಟಿತು. ಬ್ಯಾಂಕ್ ಆಫೀಸರ ಹೆಂಡತಿ, ಅರಸೀಕೆರೆಯ ಹೆಣ್ಣು, ವಿಡಿಯೊ ಕ್ಯಾಸೆಟ್ಟಿನ ಸಹವಾಸಕ್ಕೆ ಹೇಗೆ ಬಿದ್ದಳು ಅಂತೀರಾ? ಬಿಸಿಲಿನಿಂದ.

ಬ್ಯಾಂಕಿನವರು ಎಂದರೆ ವರ್ಗವಾದಾಗಲೆಲ್ಲ ಗಾಜಿನ ಲೋಟಗಳನ್ನು ಹಳೆಯ ಪೇಪರಿನಲ್ಲಿ ಸುತ್ತುವುದನ್ನು ಚೆನ್ನಾಗಿ ಬಲ್ಲವರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಲೋಟಗಳು ವಿಜಯವಾಡದಲ್ಲಿ ಬಿಚ್ಚಿಕೊಂಡವು. ಆ ಊರಿನ ಬೇಸಿಗೆ ಎಂಥದು ಎಂದರೆ, ಸ್ನಾನಕ್ಕೆ ನೀರು ಕಾಯಿಸುವ ಗೋಜೇ ಇಲ್ಲ, ನಲ್ಲಿ ತಿರುಗಿಸಿ ಆರಲು ಬಿಡಬೇಕು. ಮಧ್ಯಾಹ್ನವಾದರೆ ನೆಲದ ಮೇಲೆ ಒದ್ದೆ ಬಟ್ಟೆ ಹಾಸಿಕೊಂಡು ಮಲಗುತ್ತಿದ್ದೆ. ಮಲಗಿದರೆ ನಿದ್ದೆ ಬರಬೇಕಲ್ಲ. ಸರಿಯಾಗಿ ಅದೇ ಹೊತ್ತಿಗೆ ಕೆಳಗಿನ ಮನೆಯಿಂದ ನಾದಸ್ವರ ಶುರುವಾಗುತ್ತಿತ್ತು. ಪೂರ್ತಿ ಕೀರ್ತನೆ ನುಡಿಸಿದ್ದರೆ ಪುಣ್ಯ ಬರುತ್ತಿತ್ತೇನೋ. ಇದು ಹಾಗಲ್ಲ. ಗಟ್ಟಿಮೇಳದ ಒಂದೇ ಒಂದು ತುಣುಕು, ಮತ್ತೆ ಹಿಂದಕ್ಕೆ, ಮತ್ತೆ ಅದೇ ತುಣುಕು. ಯಾರೋ ಒಬ್ಬಳು ಒಂದೇ ಮಧ್ಯಾಹ್ನದಲ್ಲಿ ಮತ್ತೆ ಮತ್ತೆ ಮದುವೆಯಾಗುತ್ತಿದ್ದಾಳೆ ಅನ್ನಿಸಿ ತಲೆ ಕೆಟ್ಟುಹೋಗುತ್ತಿತ್ತು.

ಒಂದು ದಿನ ತಡೆಯಲಾರದೆ, ಜಗಳಕ್ಕೆ ಬೇಕಾದ ತೆಲುಗನ್ನು ಮೆಟ್ಟಿಲ ಮೇಲೆ ಉರು ಹೊಡೆಯುತ್ತಾ ಕೆಳಗಿಳಿದೆ. ಮನೆ ಮಾಲೀಕರ ಮಗ ಪ್ರಸಾದ್ ಅಲ್ಲಿ ಮುಂದಿನ ಕೋಣೆಯಲ್ಲಿ ಮದುವೆ ಕ್ಯಾಸೆಟ್ಟುಗಳ ಮಿಕ್ಸಿಂಗ್ ಮಾಡುತ್ತಿದ್ದ. ನನಗಿಂತ ನಾಲ್ಕಾರು ವರ್ಷ ಚಿಕ್ಕವನು. ಬಾಗಿಲು ತಳ್ಳಿದೆ ನೋಡಿ, ಮುಖಕ್ಕೆ ತಣ್ಣನೆಯ ಗಾಳಿ ಬಂದು ಬಡಿಯಿತು. ಯಂತ್ರಗಳಿಗೆ ಬಿಸಿ ಆಗಬಾರದು ಎಂದು ಆ ಕೋಣೆಗೆ ಏಸಿ ಹಾಕಿಸಿದ್ದ. ನನ್ನ ತೆಲುಗು ಗಂಟಲಲ್ಲೇ ತಣ್ಣಗಾಯಿತು. "ಕೂರ್ಚೋಂಡಿ ಅಕ್ಕಗಾರು" ಎಂದ. ಕೂತೆ. ಕೂತವಳು ಆ ಊರು ಬಿಡುವವರೆಗೆ ಹೆಚ್ಚುಕಡಿಮೆ ದಿನಾ ಮಧ್ಯಾಹ್ನ ಅಲ್ಲೇ ಕೂತಿದ್ದೆ. ಕಲೆಯ ಮೇಲಿನ ಪ್ರೀತಿ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ನಿಮ್ಮ ಹತ್ತಿರ ಯಾಕೆ ಸುಳ್ಳು ಹೇಳಲಿ.

ಕೆಲಸ ನೋಡಿದರೆ ನನಗೆ ಗೊತ್ತಿದ್ದದ್ದೇ. ಹುರುಳಿಕಾಯಿ ಬಿಡಿಸಿ ಗೊತ್ತಲ್ಲ ನಿಮಗೆ? ಎರಡೂ ತುದಿ ಮುರಿದು, ನಾರು ಎಳೆದು, ಉಳಿದದ್ದನ್ನು ಇಟ್ಟುಕೊಳ್ಳುವುದು. ಇದೂ ಅಷ್ಟೆ. ಒಂದು ಯಂತ್ರದಲ್ಲಿ ಕ್ಯಾಮೆರಾದವನು ತೆಗೆದ ಹಸಿ ಕ್ಯಾಸೆಟ್ಟು, ಇನ್ನೊಂದರಲ್ಲಿ ಖಾಲಿ ಕ್ಯಾಸೆಟ್ಟು. ಪ್ರತಿ ದೃಶ್ಯದ ತಲೆಯಲ್ಲಿ ಕ್ಯಾಮೆರಾ ಅಲುಗಾಡುವುದು, ಅತ್ತಿಗೆ ಸೆರಗು ಸರಿಮಾಡಿಕೊಳ್ಳುವುದು, "ಇಲ್ಲಿ ನೋಡಿ, ಇಲ್ಲಿ ನೋಡಿ" ಎಂಬ ಗದ್ದಲ. ಬಾಲದಲ್ಲಿ, ಮುಗಿಯಿತು ಎಂದುಕೊಂಡು ಎಲ್ಲರ ಮುಖವೂ ಸಡಿಲವಾಗಿ, ಯಾರೋ ಬೆನ್ನು ತುರಿಸಿಕೊಂಡು, ಕೊನೆಗೆ ಕ್ಯಾಮೆರಾದವನು ಆರಿಸಲು ಮರೆತು ತನ್ನದೇ ಚಪ್ಪಲಿ ತೆಗೆದಿರುವುದು. ಇವೆರಡನ್ನೂ ಮುರಿದು ಬಿಸಾಕಿ, ನಡುವಿನದನ್ನು ಒಂದರ ಹಿಂದೆ ಒಂದರಂತೆ ಖಾಲಿ ಕ್ಯಾಸೆಟ್ಟಿಗೆ ಇಳಿಸಬೇಕು.

ಕತ್ತರಿಸುವ ಬುದ್ಧಿ ನನಗೆ ಅಪ್ಪನ ಕಡೆಯಿಂದ ಬಂದದ್ದು. ಅಪ್ಪ ತಂತಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. "ಅಜ್ಜಿಗೆ ಹುಷಾರಿಲ್ಲ, ಗಾಬರಿಯಾಗಬೇಡಿ, ಡಾಕ್ಟರು ಬಂದು ನೋಡಿದ್ದಾರೆ, ಆದರೂ ನೀವು ಒಮ್ಮೆ ಬಂದು ಹೋದರೆ ಅವರಿಗೆ ಸಮಾಧಾನ" ಎಂದು ಯಾರಾದರೂ ಬರೆದು ತಂದರೆ, ಅಪ್ಪ ಕನ್ನಡಕ ಏರಿಸಿಕೊಂಡು, ಪದಕ್ಕಿಷ್ಟು ಕಾಸು ಎಂದು ಗೀಟು ಹಾಕುತ್ತಾ ಹಾಕುತ್ತಾ ಅದನ್ನು "ಅಜ್ಜಿ ಅಸ್ವಸ್ಥ ಹೊರಡಿ" ಎಂದು ಮಾಡುತ್ತಿದ್ದರು. ಆ ಕಡೆ ತಂತಿ ಕೈಗೆ ಬಂದವರು ಎದೆ ಬಡಿದುಕೊಂಡು ಅಳುತ್ತಾ ರೈಲು ಹತ್ತುತ್ತಿದ್ದರು. ಇಲ್ಲಿ ಬಂದು ನೋಡಿದರೆ ಅಜ್ಜಿ ಜಗಲಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಾ ಕೂತಿರುತ್ತಿತ್ತು. "ನಿಮ್ಮ ಕತ್ತರಿಗೆ ಕರುಳಿಲ್ಲ" ಎಂದು ಅಮ್ಮ ಬೈಯುತ್ತಿದ್ದಳು. ಅಪ್ಪನ ಪ್ರಕಾರ ಗಾಬರಿಯಾಗಬೇಡಿ ಎಂಬುದು ಸಮಾಚಾರವೇ ಅಲ್ಲ.

ಪ್ರಸಾದ್ ಮೊದಲ ಸಲ ಒಂದು ಪೂರ್ತಿ ಮದುವೆಯನ್ನು ನನ್ನ ಕೈಗೆ ಕೊಟ್ಟಾಗ ನಾನೂ ಅಪ್ಪನ ಹಾಗೆಯೇ ಮಾಡಿದೆ. ಊಟದ ಪಂಕ್ತಿ ಬಂತು. ಜನ ಸಾಲಾಗಿ ಕೂತು ಬಾಯಿ ಅಲ್ಲಾಡಿಸುವುದನ್ನು ಯಾರು ನೋಡುತ್ತಾರೆ ಎಂದು ಬಡಿಸಿದ್ದನ್ನು ತೋರಿಸಿ, ಉಳಿದದ್ದನ್ನೆಲ್ಲ ಮುರಿದು ಹಾಕಿದೆ. ಹುಡುಗಿಯ ಸೋದರಮಾವ ಕ್ಯಾಸೆಟ್ಟು ಕೈಯಲ್ಲಿ ಹಿಡಿದುಕೊಂಡು ಬಂದೇ ಬಿಟ್ಟರು. ನಾನು ಮದುವೆಗೆ ಬಂದದ್ದಕ್ಕೆ ಸಾಕ್ಷಿ ಎಲ್ಲಿ, ಎರಡನೇ ಪಂಕ್ತಿಯಲ್ಲಿ ಮೂಲೆಯಲ್ಲಿ ಕೂತು ಊಟ ಮಾಡಿದ್ದೇನೆ, ನಾಳೆ ನಮ್ಮಕ್ಕ ಕೇಳಿದರೆ ಏನು ತೋರಿಸಲಿ ಎಂದು ಅವರ ವಾದ. ಅವರು ಹೋದ ಮೇಲೆ ಪ್ರಸಾದ್ ತಣ್ಣಗೆ ಹೇಳಿದ: "ಅಕ್ಕಗಾರು, ತಾಳಿ ಕಟ್ಟೋದನ್ನ ಬೇಕಾದರೆ ಚಿಕ್ಕದು ಮಾಡಿ. ಊಟಕ್ಕೆ ಮಾತ್ರ ಕೈ ಹಾಕಬೇಡಿ." ಅಂದಿನಿಂದ ಕೃಷ್ಣಾ ಜಿಲ್ಲೆಯ ಜನ ಗೋಂಗೂರ ಚಟ್ನಿ ಕಲಸಿ ತಿನ್ನುವುದನ್ನು ನಾನು ಭಕ್ತಿಯಿಂದ ಇಳಿಸಿದ್ದೇನೆ.

ಜೋಡಿಸುವುದರಲ್ಲೂ ಅವನದೊಂದು ಸಂಪ್ರದಾಯ ಇತ್ತು. ಯಾರ ಮದುವೆಯಾದರೂ ಆರಂಭ ದುರ್ಗಮ್ಮನ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದಿಂದ. ಬೆಳಗಿನ ಹೊತ್ತು ಕೃಷ್ಣಾ ಬ್ಯಾರೇಜಿನ ಮೇಲಿಂದ ಅವನೇ ತೆಗೆದದ್ದು: ನದಿ, ಬೆಟ್ಟ, ಗುಡಿ, ಅಷ್ಟರಲ್ಲಿ ಅಡ್ಡ ಬರುವ ಒಂದು ಕೆಂಪು ಬಸ್ಸು. ಆ ಬಸ್ಸು ವಿಜಯವಾಡದ ಅದೆಷ್ಟು ಮದುವೆಗಳಿಗೆ ಹೋಗಿದೆಯೋ ದುರ್ಗಮ್ಮನಿಗೇ ಗೊತ್ತು. ಗುಣದಲದ ಕಡೆಯ ಕ್ರೈಸ್ತರ ಮದುವೆಯಾದರೆ ಬೆಟ್ಟ ಬಿಟ್ಟು ನದಿಯನ್ನು ಮಾತ್ರ ಇಡುತ್ತಿದ್ದ. ಬಸ್ಸು ಅಲ್ಲಿಗೂ ಬರುತ್ತಿತ್ತು.

ಈಗಿನವರಿಗೆ ಇದೆಲ್ಲ ಸುಲಭ. ತೊಂಬತ್ತರ ದಶಕದ ಕೊನೆಯಲ್ಲಿ ಪ್ರಸಾದ್ ಕಂಪ್ಯೂಟರ್ ಕೊಂಡಾಗ, ಆಗ ನಾವಿದ್ದ ವಿಶಾಖಪಟ್ಟಣಕ್ಕೆ ಫೋನ್ ಮಾಡಿ ಚಿಕ್ಕ ಮಗುವಿನ ಹಾಗೆ ಸಂಭ್ರಮಪಟ್ಟ. "ಅಕ್ಕಗಾರು, ತುಂಡುಗಳು ಪರದೆ ಮೇಲೆ ರೈಲು ಡಬ್ಬಿಗಳ ಹಾಗೆ ಸಾಲಾಗಿ ನಿಲ್ಲುತ್ತವೆ. ನಡುವೆ ಇನ್ನೊಂದು ಡಬ್ಬಿ ತೂರಿಸಿದರೆ ಹಿಂದಿನವು ತಾವೇ ಸರಿದು ಜಾಗ ಕೊಡುತ್ತವೆ. ಕತ್ತರಿಸಿದ್ದು ಎಲ್ಲಿಗೂ ಹೋಗಲ್ಲ, ಅಂಚು ಹಿಡಿದು ಎಳೆದರೆ ಮತ್ತೆ ಬರುತ್ತೆ." ನಮ್ಮ ಕಾಲದಲ್ಲಿ ಆ ಭಾಗ್ಯ ಇರಲಿಲ್ಲ. ನಡುವೆ ಒಂದು ತುಂಡು ಸೇರಿಸಬೇಕೆಂದರೆ ಅಲ್ಲಿಂದ ಮುಂದಿನ ಇಡೀ ಮದುವೆಯನ್ನು ಮತ್ತೆ ಮಾಡಬೇಕಿತ್ತು. ಆದ್ದರಿಂದ ಒಮ್ಮೆ ಇಳಿಸಿದ್ದನ್ನು ಯಾರೂ ಬದಲಾಯಿಸುತ್ತಿರಲಿಲ್ಲ. ನಾನು ಕಂಡ ಹಾಗೆ ಪ್ರಸಾದ್ ಹಾಗೆ ಬದಲಾಯಿಸಿದ್ದು ಸುಮಾಳ ಮದುವೆಗಾಗಿ ಮಾತ್ರ.

ಸುಮಾ ಬಂದದ್ದು ಜ್ಯೇಷ್ಠ ಮಾಸದ ಒಂದು ಮಧ್ಯಾಹ್ನ. ಗಂಡ ರವಿ ಸ್ಕೂಟರಿನಲ್ಲಿ ಕರೆತಂದು ಬಿಟ್ಟು ಆಫೀಸಿಗೆ ಹೋದ. ಹಸಿ ಕ್ಯಾಸೆಟ್ಟುಗಳ ಚೀಲವನ್ನು ಪ್ರಸಾದನ ಮುಂದಿಟ್ಟಳು. ಮದುವೆ ನಡೆದದ್ದು ವಿಶಾಖಪಟ್ಟಣದಲ್ಲಿ, ಹುಡುಗಿಯ ಊರಲ್ಲಿ. ಗಂಡಿನ ಮನೆ ವಿಜಯವಾಡ, ಅವರಿಗೆ ಪ್ರಸಾದ್ ಗೊತ್ತು, ಹಾಗಾಗಿ ಮಿಕ್ಸಿಂಗ್ ಇಲ್ಲಿ.

"ನಿಮ್ಮ ಕಡೆಯವರೇ ಅಕ್ಕಗಾರು, ಕನ್ನಡದವರು" ಎಂದು ಪ್ರಸಾದ್ ಪರಿಚಯ ಮಾಡಿದ.

ನನಗೆ ಕುಣಿದಾಡುವಷ್ಟು ಖುಷಿಯಾಯಿತು. "ಯಾವ ಊರಮ್ಮ ನಿಮ್ಮದು?" ಎಂದು ಕನ್ನಡದಲ್ಲಿ ಕೇಳಿದರೆ ಅವಳು ತೆಲುಗಿನಲ್ಲಿ ಉತ್ತರ ಕೊಟ್ಟಳು. ಅಪ್ಪನ ಊರು ತಿಪಟೂರಿನ ಹತ್ತಿರ, ಅಪ್ಪ ನೌಕಾಪಡೆಯಲ್ಲಿದ್ದರು, ತಾನು ಹುಟ್ಟಿ ಬೆಳೆದದ್ದೆಲ್ಲ ವಿಶಾಖಪಟ್ಟಣ. ಕನ್ನಡ ಬರುತ್ತದೆ, ಆದರೆ ಅದನ್ನು ಮಾತಾಡುವುದು ಮನೆಯಲ್ಲಿ ಮಾತ್ರ. "ಈಗ ಮನೆಯೇ ಇಲ್ಲವಲ್ಲ ಆಂಟಿ" ಎಂದಳು, ಅದೂ ತೆಲುಗಿನಲ್ಲೇ.

ಹೊಸದಾಗಿ ಮದುವೆಯಾದ ಹುಡುಗಿ ಹೀಗೆನ್ನಬೇಕಾದರೆ ಏನೋ ಇದೆ ಎಂದುಕೊಂಡೆ. ಕ್ಯಾಸೆಟ್ಟು ಹೇಗೆ ಬೇಕು ಎಂದು ಪ್ರಸಾದ್ ಕೇಳಿದಾಗ ಅದು ಹೊರಬಂತು. "ಮಾತು ಗೀತು ಏನೂ ಬೇಡ, ಪೂರ್ತಿ ಹಾಡು ಹಾಕಿ. ನಮ್ಮಪ್ಪ ಇರುವ ಕಡೆಯೆಲ್ಲ ಆದಷ್ಟು ಕತ್ತರಿಸಿ. ಧಾರೆಯ ಶಾಸ್ತ್ರಕ್ಕೆ ಬೇಕಾದಷ್ಟು ಇದ್ದರೆ ಸಾಕು."

ಮಾತು ತೆಗೆದು ಹಾಡು ಹಾಕುವುದು ಹೊಸದೇನಲ್ಲ, ಆಗಿನ ಮದುವೆ ಕ್ಯಾಸೆಟ್ಟುಗಳೆಲ್ಲ ಹಾಗೆಯೇ. ಆದರೆ ಅಪ್ಪನನ್ನು ಕತ್ತರಿಸಿ ಎಂದು ಯಾವ ಮಗಳೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಕಾಫಿಗೆಂದು ಅವಳನ್ನು ಮೇಲೆ ಕರೆದುಕೊಂಡು ಹೋದೆ.

ವಿಷಯ ಇಷ್ಟು. ರವಿ ಅವಳ ಕಾಲೇಜಿನವನು, ತೆಲುಗರ ಹುಡುಗ. ಅಪ್ಪ ನಂಜುಂಡಯ್ಯನವರು ತಿಪಟೂರಿನ ಕಡೆ ಒಂದು ಸಂಬಂಧ ನೋಡಿಟ್ಟಿದ್ದರು. ಮನೆಯಲ್ಲಿ ರಂಪವಾಗಿ, ಅಮ್ಮ ಊಟ ಬಿಟ್ಟು ಕೂತ ಮೇಲೆ ಒಪ್ಪಿದರು. ಒಪ್ಪಿದರು ಎಂದರೆ, ಮದುವೆಗೆ ಬೇಕಾದದ್ದೆಲ್ಲ ಮಾಡಿದರು, ಮಗಳ ಜೊತೆ ಮಾತು ಮಾತ್ರ ಬಿಟ್ಟರು. ಧಾರೆ ಎರೆಯುವಾಗಲೂ ಮುಖ ಗಂಟು ಹಾಕಿಕೊಂಡು ನೀರು ಬಿಟ್ಟು, ಮಂಟಪ ಇಳಿದು ಹೋದವರು ಮತ್ತೆ ಕಣ್ಣಿಗೆ ಬೀಳಲಿಲ್ಲ.

"ಹೋಗಲಿ, ಕಾರು ಹತ್ತುವಾಗಲಾದರೂ ಬರುತ್ತಾರೆ ಅಂದುಕೊಂಡೆ ಆಂಟಿ. ಎಷ್ಟು ಹುಡುಕಿದೆ. ಎಲ್ಲರೂ ಇದ್ದರು, ಅವರಿರಲಿಲ್ಲ." ಲೋಟ ಕೆಳಗಿಟ್ಟಳು. ಕಾಫಿ ಮುಟ್ಟಿರಲಿಲ್ಲ.

ಅದಕ್ಕಿಂತ ದೊಡ್ಡ ಸಂಕಟ ಮುಂದಿತ್ತು. ಆಷಾಢ ಹತ್ತಿರ ಬರುತ್ತಿತ್ತು. ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಮನೆಯಲ್ಲಿ ಇರುವಂತಿಲ್ಲ, ತವರಿನವರು ಬಂದು ಕರೆದೊಯ್ಯಬೇಕು. ಈ ವಿಷಯದಲ್ಲಿ ತೆಲುಗರೂ ನಾವೂ ಒಂದೇ. ನಿಮ್ಮ ಅಪ್ಪ ಯಾವಾಗ ಬರುತ್ತಾರೆ ಎಂದು ಅತ್ತೆ ಕೇಳುತ್ತಲೇ ಇದ್ದರು. ಅವರೇನೂ ಕೊಂಕು ತೆಗೆಯುವವರಲ್ಲ, ಆದರೂ ಕೇಳಿದಾಗಲೆಲ್ಲ ಇವಳಿಗೆ ಜೀವ ಹೋದ ಹಾಗಾಗುತ್ತಿತ್ತು. ಕರೆಯಲು ಬಾರದಿದ್ದರೆ ಆ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಹಟ ಹಿಡಿದಿದ್ದಳು. ಮೊದಲ ಆಷಾಢಕ್ಕೆ ತಪ್ಪಿದ ತವರು ಆಮೇಲೆ ಸುಲಭವಾಗಿ ಸಿಗುವುದಿಲ್ಲ. ನನಗೆ ಅದು ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನಾವು ಕೆಲಸ ಶುರು ಮಾಡಿದೆವು. ಹೇಳಿದ ಹಾಗೆ ಅಪ್ಪನನ್ನು ಕತ್ತರಿಸುತ್ತಾ ಬಂದೆವು. ಕತ್ತರಿಸಲು ಹೆಚ್ಚೇನೂ ಇರಲಿಲ್ಲ, ಧಾರೆಯಾದ ಮೇಲೆ ಆ ಮನುಷ್ಯ ನಿಜಕ್ಕೂ ಎಲ್ಲೂ ಕಾಣಿಸುತ್ತಿರಲಿಲ್ಲ. ಪ್ರಸಾದನಿಗೆ ಬೇರೆಯೇ ತಲೆನೋವು. "ಈ ಕ್ಯಾಮೆರಾದವನಿಗೆ ಫ್ಯಾನಿನ ಮೇಲೆ ಯಾಕಿಷ್ಟು ಪ್ರೀತಿ" ಎಂದು ಗೊಣಗುತ್ತಿದ್ದ. ಹೋಮ ನಡೆಯುತ್ತಿರುವಾಗ ಕ್ಯಾಮೆರಾ ಮಂಟಪ ಬಿಟ್ಟು ಮೂಲೆಯಲ್ಲಿದ್ದ ಒಂದು ನಿಲುವು ಫ್ಯಾನಿನ ಕಡೆ ತಿರುಗಿ, ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿತ್ತು. ಅದನ್ನೂ ಕತ್ತರಿಸಿ ಅರ್ಧ ಮದುವೆ ಮುಗಿಸಿಟ್ಟು ಅವನು ಊಟಕ್ಕೆ ಹೋದ.

ಹೇಗೂ ಹಾಡು ಹಾಕುವುದು ಎಂದು ಪ್ರಸಾದ್ ಹಸಿ ಕ್ಯಾಸೆಟ್ಟಿನ ಸದ್ದನ್ನು ಯಾವಾಗಲೂ ಆರಿಸಿಯೇ ಇಡುತ್ತಿದ್ದ. ನಾನು ಮಾತ್ರ ಗಟ್ಟಿಮೇಳ ಎಲ್ಲಿ ಬರುತ್ತದೆ ಎಂದು ತಿಳಿಯಲು ಆಗಾಗ ಸ್ವಲ್ಪ ಏರಿಸುತ್ತಿದ್ದೆ. ಅವತ್ತೂ ಏರಿಸಿದೆ. ಕೋಣೆಯಲ್ಲಿ ಯಾರೋ ಗಟ್ಟಿಯಾಗಿ ಕನ್ನಡ ಮಾತಾಡಿದರು.

"ಅವಳಿಗೆ ಹೊಗೆ ಆಗಲ್ಲ ಕಣಪ್ಪ. ಆ ಸೌದೆ ಆಚೆ ಸರ್ಸೋಕೆ ಹೇಳು. ಚಿಕ್ಕೋಳಿದ್ದಾಗಿಂದ ಉಬ್ಬಸ."

ತಿರುಗಿ ನೋಡಿದೆ. ಯಾರೂ ಇಲ್ಲ. ಆಮೇಲೆ ಟೇಪಿನಿಂದಲೇ ಇನ್ನೊಂದು ದನಿ, ಕ್ಯಾಮೆರಾದವನದು, ವಿನಯದಿಂದ "ಸರೇ ಸಾರ್" ಎಂದಿತು. ಅವನಿಗೆ ಒಂದಕ್ಷರ ಅರ್ಥವಾಗಿಲ್ಲ ಎನ್ನುವುದು ಆ ದನಿಯಲ್ಲೇ ಗೊತ್ತಾಗುತ್ತಿತ್ತು.

"ಆ ಫ್ಯಾನ್ ನೋಡು, ಪುರೋಹಿತರ ಕಡೆ ತಿರುಗ್ಸಿದಾರೆ. ಅವರಿಗ್ಯಾಕೆ ಗಾಳಿ? ಮಗು ಕಡೆ ತಿರುಗ್ಸು ಅನ್ನು. ಅಗೋ, ಆ ಫ್ಯಾನು."

"ಸರೇ ಸಾರ್." ಕ್ಯಾಮೆರಾ ಫ್ಯಾನಿನ ಕಡೆ ತಿರುಗಿತು. ಸಾಹೇಬರು ಕೈ ತೋರಿಸಿದ್ದನ್ನು ಬಡಪಾಯಿ ಚಿತ್ರ ತೆಗೆಯುತ್ತಾ ನಿಂತಿದ್ದಾನೆ.

ನನಗೆ ನಗು ಬಂತು. ಆ ಮನುಷ್ಯ ಎಲ್ಲೂ ಹೋಗಿರಲಿಲ್ಲ. ಮಂಟಪ ಇಳಿದವರು ನೇರವಾಗಿ ಬಂದು ಕ್ಯಾಮೆರಾ ಪಕ್ಕದಲ್ಲಿ ನಿಂತಿದ್ದರು. ಅಲ್ಲಿ ನಿಂತರೆ ಚಿತ್ರದಲ್ಲಿ ಬರುವುದಿಲ್ಲ, ಮಗಳು ಮಾತ್ರ ಚೆನ್ನಾಗಿ ಕಾಣುತ್ತಾಳೆ. ಆಮೇಲೆ ತಿಳಿಯಿತು, ಅವರ ಕೆಲಸ ಹಡಗಿನ ಇಂಜಿನ್ ಕೋಣೆಯಲ್ಲಂತೆ. ಆ ಸದ್ದಿನಲ್ಲಿ ದುಡಿದವರಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿರುತ್ತದೆ. ಕೆಲಸದಲ್ಲಿ ಹಿಂದಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಲೆಯಾಡಿಸುವುದು. ಹೀಗೆಯೇ ವಿಶಾಖಪಟ್ಟಣದಲ್ಲಿ ಅಷ್ಟು ವರ್ಷ ಕಳೆದವರು. ಕ್ಯಾಮೆರಾದ ಮೈಕಿಗೆ ಎಲ್ಲರಿಗಿಂತ ಹತ್ತಿರ ನಿಂತು ಅವರು ಆಡಿದ್ದೆಲ್ಲ ಮಂತ್ರಕ್ಕಿಂತ ಜೋರಾಗಿ ಟೇಪಿನ ಮೇಲೆ ಕೂತಿತ್ತು. ಕೇಳಿದವನಿಗೆ ಕನ್ನಡ ಬರುತ್ತಿರಲಿಲ್ಲ, ಅಷ್ಟೆ.

ಕೊನೆಯ ಕ್ಯಾಸೆಟ್ಟು ಹಾಕಿದೆ. ಹೆಣ್ಣು ಒಪ್ಪಿಸಿ ಕೊಟ್ಟು ಕಳಿಸುವ ದೃಶ್ಯ. ಕಾರು ಹೊರಟ ಮೇಲೆ ಕತ್ತರಿಸುವುದು ವಾಡಿಕೆ. ನಾನು ಬಿಟ್ಟುಬಿಟ್ಟೆ. ಸುಮಾ ಕಾರಿನ ಕಿಟಕಿಯಿಂದ ಆ ಕಡೆ ಈ ಕಡೆ ಹುಡುಕುತ್ತಿದ್ದಾಳೆ. ನೇರವಾಗಿ ಕ್ಯಾಮೆರಾದ ಕಡೆಗೂ ನೋಡಿದಳು, ಕಣ್ಣು ಕಿರಿದು ಮಾಡಿ ಮತ್ತೆ ಬೇರೆ ಕಡೆ ತಿರುಗಿದಳು.

"ಅವಳು ನನ್ನೇ ಹುಡುಕ್ತಾ ಇದಾಳೆ ಕಣಪ್ಪ. ಇಲ್ಲೇ ಇದೀನಿ ಅಂತ ನೀನಾದ್ರೂ ಹೇಳು. ನಂಗೆ ಬಾಯಿ ಬರ್ತಿಲ್ಲ."

"ಅಲಾಗೇ ಸಾರ್." ಹಾಗೇ ಆಗಲಿ ಎಂದು.

ಕಾರು ಹೋಯಿತು. ಕ್ಯಾಮೆರಾದವನು ಆರಿಸಲು ಮರೆತಿದ್ದಾನೆ. ನೆಲ, ತುಳಿದ ಹೂವು, ಪಕ್ಕದಲ್ಲಿ ಎರಡು ಬರಿಗಾಲು. ಬಹಳ ಹೊತ್ತಿನ ಮೇಲೆ ಅದೇ ದನಿ, ತನಗೆ ಬರುತ್ತಿದ್ದ ಅಷ್ಟಿಷ್ಟು ತೆಲುಗಿನಲ್ಲಿ, "ಭೋಂಚೇಶಾವಾ?" ಎಂದಿತು. ಊಟ ಮಾಡಿದೆಯಾ ಎಂದು.

ಪ್ರಸಾದ್ ಬರುವ ಹೊತ್ತಿಗೆ ನಾನು ಸೆರಗಿನಲ್ಲಿ ಮೂಗು ಒರೆಸುತ್ತಿದ್ದೆ. ಅವನಿಗೆ ಎಲ್ಲವನ್ನೂ ತೆಲುಗಿನಲ್ಲಿ ಹೇಳಿದೆ. ಮರುದಿನ ಸುಮಾಳನ್ನು ಕರೆಸಿದೆವು. ಹಾಡು ಆಯ್ಕೆ ಮಾಡಬೇಕು ಎಂದಷ್ಟೇ ಹೇಳಿದ್ದೆವು. ಮೊದಲು ಹೊಗೆಯ ಮಾತು ಕೇಳಿಸಿದಾಗ ಅವಳು ಕುರ್ಚಿಯ ತುದಿಗೆ ಬಂದಳು. ಫ್ಯಾನು ಬಂದಾಗ ನಗಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿದಳು. ಕಾರಿನ ದೃಶ್ಯ ಮುಗಿದ ಮೇಲೆ ಪ್ರಸಾದ್ ಏನೂ ಕೇಳದೆ ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಮತ್ತೂ ಒಮ್ಮೆ ಹಾಕಿದ.

"ನಾನು ಆ ಕಡೆಯೂ ನೋಡಿದೆನಲ್ಲ ಆಂಟಿ" ಎಂದಳು. "ಯಾರೂ ಇರಲಿಲ್ಲ. ಬರೀ ಬೆಳಕು."

ಅದನ್ನು ಪ್ರಸಾದ್ ವಿವರಿಸಿದ. ಆಗಿನ ಕ್ಯಾಮೆರಾದ ಜೊತೆ ಒಂದು ಫೋಕಸ್ ಲೈಟು ಹಿಡಿಯುತ್ತಿದ್ದರು. ಎದುರು ನಿಂತವರ ಕಣ್ಣು ಕೋರೈಸಿ, ಆ ದೀಪದ ಪಕ್ಕದಲ್ಲಿ ಯಾರಿದ್ದರೂ ಕಾಣುವುದಿಲ್ಲ. ಅಪ್ಪ ದೀಪದ ಪಕ್ಕದಲ್ಲಿದ್ದರು. ಮಗಳು ಅವರನ್ನೇ ನೋಡಿದ್ದಳು.

ಸುಮಾ ಅತ್ತಳು. ನಾನೂ ಅತ್ತೆ, ನಾಚಿಕೆ ಏನು ಬಂತು. ಮುಖ ಒರೆಸಿಕೊಂಡು ಅವಳು ಮೊದಲ ಬಾರಿ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದಳು. "ಇಲ್ಲೆಲ್ಲ ಹಾಡು ಹಾಕ್ಬೇಡಿ ಆಂಟಿ. ಅಪ್ಪ ಮಾತಾಡಿದ್ದು ಒಂದೂ ಕತ್ತರಿಸ್ಬೇಡಿ. ಆ ಫ್ಯಾನೂ ಇರ್ಲಿ."

ಅಂದರೆ ಹೋಮದಿಂದ ಮುಂದೆ ಇಳಿಸಿದ್ದನ್ನೆಲ್ಲ ಮತ್ತೆ ಮಾಡಬೇಕು. ನಾನು ಪ್ರಸಾದನ ಮುಖ ನೋಡಿದೆ. ಮಾತು ಇಟ್ಟರೆ ಕ್ಯಾಸೆಟ್ಟಿನ ಲಕ್ಷಣವೇ ಹೋಗುತ್ತದೆ, ನಾಳೆ ಇವರ ಅತ್ತೆ ನನ್ನನ್ನು ಬೈಯುತ್ತಾರೆ, ಫ್ಯಾನು ಹಾಕಿದ್ದಾನೆ ಎಂದು ಊರೆಲ್ಲ ನಗುತ್ತದೆ ಎಂದು ಗೊಣಗುತ್ತಲೇ ಅವನು ಸೀಟಿಗೆ ಹೋಗಿ ಕೂತ. ಗೊಣಗುತ್ತಲೇ ಪೂರ್ತಿ ಮಾಡಿದ. ಫ್ಯಾನಿನ ತುಂಡನ್ನು ನಾನು ಹೇಳಿದ್ದಕ್ಕಿಂತ ಉದ್ದವಾಗಿ ಇಟ್ಟವನು ಅವನೇ.

"ಕರೆಯೋಕೆ ಬರ್ಲಿ ಅಂತ ನಾನಿಲ್ಲಿ ಕೂತಿದೀನಿ. ಬಾಯಿ ಬರದೆ ಅವರಲ್ಲಿ ಕೂತಿರ್ತಾರೆ. ನಾನೇ ಹೋಗ್ತೀನಿ ಆಂಟಿ" ಎಂದಳು ಸುಮಾ, ಕ್ಯಾಸೆಟ್ಟು ಕೈಗೆ ಬಂದ ದಿನ. ಅದೇ ವಾರ ನಮ್ಮ ಯಜಮಾನರಿಗೆ ವಿಶಾಖಪಟ್ಟಣಕ್ಕೆ ವರ್ಗವಾದ ಸುದ್ದಿ ಬಂದಿತ್ತು. ನಾವು ಅಲ್ಲಿ ಮನೆ ನೋಡಲು ಹೊರಟಿದ್ದೆವು. ಸುಮಾಳನ್ನು ನಮ್ಮ ಜೊತೆ ಕಳಿಸಲು ಅವಳ ಅತ್ತೆ ಸಂತೋಷದಿಂದ ಒಪ್ಪಿದರು, ದಾರಿಗೆಂದು ಪುಳಿಹೋರ ಕಟ್ಟಿಕೊಟ್ಟರು.

ರೈಲಿನಲ್ಲಿ ರಾಜಮಂಡ್ರಿ ದಾಟುವವರೆಗೆ ಅವಳು ಧೈರ್ಯವಾಗಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಪ್ಪ ಮಾತಾಡದೆ ಇದ್ರೆ?"

"ಮಾತಾಡದಿದ್ರೆ ನಮ್ಮ ಜೊತೆ ವಾಪಸ್ ಬಾ. ಬಂದು ನನಗೆ ಸಾಮಾನು ಕಟ್ಟೋಕೆ ಸಹಾಯ ಮಾಡು" ಎಂದೆ. ನಗುತ್ತಲೇ ಹೇಳಿ, ಪುಳಿಹೋರದ ಪೊಟ್ಟಣ ಬಿಚ್ಚಿ ಅವಳ ಮುಂದಿಟ್ಟೆ.

ನಂಜುಂಡಯ್ಯನವರು ನಿವೃತ್ತರಾಗಿ ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ನಾವು ಗೇಟು ತೆಗೆದಾಗ ಬನಿಯನ್ ಲುಂಗಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಮಗಳನ್ನು ನೋಡಿದರು. ಕೈಯಲ್ಲಿದ್ದ ಪೈಪು ಅವರ ಕಾಲ ಮೇಲೆಯೇ ನೀರು ಸುರಿಯುತ್ತಿತ್ತು.

"ರೈಲು ಲೇಟಾ?" ಎಂದು ಕೇಳಿದರು. ಕೇಳಿದ್ದು ನಮ್ಮ ಯಜಮಾನರನ್ನು.

ಅವರ ಹೆಂಡತಿ ಜಯಮ್ಮ ಓಡಿ ಬಂದು ಮಗಳನ್ನು ಒಳಗೆ ಕರೆದುಕೊಂಡರು. ಊಟವಾಯಿತು. ನಂಜುಂಡಯ್ಯನವರು ಬಾವಿ ತೋಡಿಸಿದ್ದು, ರಸ್ತೆ ಆಗದೇ ಇರುವುದು, ಎಲ್ಲವನ್ನೂ ನಮ್ಮ ಯಜಮಾನರಿಗೆ ಹೇಳಿದರು. ಸುಮಾ ಕೂತಿದ್ದ ಕಡೆಗೆ ಒಂದು ಮಾತೂ ಹೋಗಲಿಲ್ಲ. ಅವಳ ಮುಖ ಸಣ್ಣಗಾಗುತ್ತಾ ಬಂತು. ನನಗೋ, ಎದ್ದು ಆ ಮನುಷ್ಯನ ಭುಜ ಹಿಡಿದು ಅಲ್ಲಾಡಿಸಿಬಿಡಬೇಕು ಅನ್ನಿಸುತ್ತಿತ್ತು.

"ಮದುವೆ ಕ್ಯಾಸೆಟ್ಟು ತಂದಿದೀವಿ" ಎಂದು ಕೊನೆಗೆ ನಾನೇ ಬಾಯಿ ಬಿಟ್ಟೆ. ಜಯಮ್ಮ ಪಕ್ಕದ ಮನೆಯಿಂದ ಯಂತ್ರ ತರಿಸಿದರು. ಎಲ್ಲರೂ ಟಿವಿ ಮುಂದೆ ಕೂತೆವು. ಬೆಟ್ಟ, ನದಿ, ಬಸ್ಸು ಬಂದು ಹೋದವು. ಧಾರೆ ಬಂತು, ಹಾಡಿನೊಂದಿಗೆ. ಆಮೇಲೆ ಹಾಡು ನಿಂತು ಹೋಮದ ಸದ್ದು, ಅದರ ಮೇಲೆ ಆ ದನಿ.

ನಂಜುಂಡಯ್ಯನವರು ಹುಬ್ಬು ಗಂಟಿಕ್ಕಿದರು. "ಯಾರದು? ಮಂತ್ರವೇ ಕೇಳಿಸ್ತಿಲ್ಲ, ಏನು ಒದರ್ತಾನಪ್ಪ ಇವನು. ಇದನ್ನೆಲ್ಲ ಕತ್ತರಿಸಿ ಹಾಕ್ಬೇಕಾಗಿತ್ತು ನೀವು" ಎಂದು ನನ್ನ ಕಡೆ ತಿರುಗಿದರು.

ಆ ಮನುಷ್ಯ ತನ್ನ ದನಿಯನ್ನು ಹೊರಗಿನಿಂದ ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಗೋಡೆ ನೋಡಿದೆ.

"ಬೇಡಪ್ಪ, ಇರ್ಲಿ" ಎಂದಳು ಸುಮಾ. "ಅವರು ನಮ್ಮೋರೇ."

"ನಮ್ಮೋರಾ? ಯಾರು?" ಮಗಳನ್ನೇ ಕೇಳಿದರು. ಕೇಳಿದ ಮೇಲೆ, ತಾವು ಅವಳ ಜೊತೆ ಮಾತಾಡಿದ್ದು ಗೊತ್ತಾಗಿ ಟಿವಿ ಕಡೆ ತಿರುಗಿಕೊಂಡರು. ಪರದೆಯ ಮೇಲೆ ಫ್ಯಾನು ಬಂತು. ಅವರು ಸ್ವಲ್ಪ ಮುಂದಕ್ಕೆ ಬಾಗಿದರು. ಆಮೇಲೆ ಕಾರು ಬಂತು, ಕಿಟಕಿಯಲ್ಲಿ ಮಗಳ ಮುಖ ಬಂತು, ಕ್ಯಾಮೆರಾದವನಿಗೆ ಹೇಳಿದ ಆ ಮಾತು ಬಂತು. ಕಾರು ಹೋಗಿ, ನೆಲವೂ ಬರಿಗಾಲೂ ಹೋಗಿ, ಪರದೆ ಖಾಲಿಯಾಗಿ ಗುಯ್ ಎನ್ನುತ್ತಿದ್ದರೂ ಯಾರೂ ಎದ್ದು ಆರಿಸಲಿಲ್ಲ.

"ನನ್ನ ಗಂಟಲು ಇಷ್ಟು ಕೆಟ್ಟದಾಗಿದ್ಯೇನೇ?" ಎಂದು ನಂಜುಂಡಯ್ಯನವರು ಹೆಂಡತಿಯನ್ನು ಕೇಳಿದರು.

"ನಾನು ಇಷ್ಟು ವರ್ಷದಿಂದ ಕೇಳ್ತಾ ಇದೀನಲ್ಲ" ಎಂದರು ಜಯಮ್ಮ.

ಅವರು ಎದ್ದು ಟಿವಿ ಆರಿಸಿ ಬಂದು ಕೂತರು. ಆಮೇಲೆ ಮಗಳ ಕಡೆ ನೋಡಿ ಹೇಳಿದರು. "ಶ್ರಾವಣಕ್ಕೆ ನಿನ್ನ ಬಿಡೋಕೆ ನಾನೇ ಬರ್ತೀನಮ್ಮ. ನಿಮ್ಮ ಅತ್ತೆ ಮಾವನ ಹತ್ರ ನಾಲ್ಕು ಮಾತಾಡ್ಬೇಕು. ತೆಲುಗಲ್ಲಿ ಏನು ಅನ್ಬೇಕು ಅಂತ ನೀನು ಹೇಳ್ಕೊಡು."

ಸುಮಾ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಮೊದಲು ಚೆನ್ನಾಗಿದೀರಾ ಅಂತ ಕೇಳ್ಬೇಕಪ್ಪ. ಬಾಗುನ್ನಾರಾ ಅಂಡಿ ಅನ್ನಿ."

ನಂಜುಂಡಯ್ಯನವರು ಗಂಟಲು ಸರಿಮಾಡಿಕೊಂಡು, "ಬಾಗುನ್ನಾರಾ ಅಂಡಿ" ಎಂದರು.

ತೆರೆದ ಕಿಟಕಿಯಿಂದಾಚೆ, ಎದುರು ಮನೆಯ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದ ಹೆಂಗಸು, ತಮ್ಮನ್ನೇ ವಿಚಾರಿಸಿದ್ದು ಎಂದುಕೊಂಡು, ಅಲ್ಲಿಂದಲೇ ಕೂಗಿ ಹೇಳಿದರು, "ಬಾಗುನ್ನಾಮಂಡಿ, ಮೀರು?"